ಮಾಳಿಗೆಯ ಮೇಲಿನ ಸಮುದ್ರ

ನನ್ನ ಉದ್ಯೋಗ ಏನೆಂದು ಯಾರಾದರೂ ಕೇಳಿದರೆ ಈಗಲೂ ನನಗೆ ಬಾಯಿ ಒಣಗುತ್ತದೆ. ಕಂಪ್ಯೂಟರಿನಲ್ಲಿ ಸಮುದ್ರ ಮಾಡುತ್ತೇನೆ ಎಂದರೆ ಸವಣೂರಿನಲ್ಲಿ ಯಾರು ತಾನೆ ನಂಬುತ್ತಾರೆ? ಇಲ್ಲಿಯವರಿಗೆ ದೊಡ್ಡ ನೀರೆಂದರೆ ಊರ ಕೆರೆ ಮೋತಿ ತಲಾಬು. ನನ್ನ ಸಮುದ್ರದಲ್ಲಿ ಹನಿ ನೀರಿಲ್ಲ, ಬರೀ ಲೆಕ್ಕ. ಆ ಲೆಕ್ಕದೊಳಗೆ ಬಿಸಿಲು ಬೀಳುತ್ತದೆ, ಕಣ್ಣಿಗೆ ಕಾಣದ ಹಸಿರು ಸಸ್ಯಗಳು ಇಂಗಾಲ ಉಂಡು ಬೆಳೆಯುತ್ತವೆ, ಅವನ್ನು ಸಣ್ಣ ಹುಳುಗಳು ಮೇಯುತ್ತವೆ. ಹುಳುಗಳಿಗೆ ಹಸಿವೆ ಎಷ್ಟಿರಬೇಕೆಂದು ಗೊತ್ತುಮಾಡುವುದು ನನ್ನ ಕೆಲಸ. ಸ್ವಂತ ಹಸಿವೆಯ ಮೇಲೆ ಹಿಡಿತವಿಲ್ಲದವನಿಗೆ ಇಂಥ ಜವಾಬ್ದಾರಿ! ಪ್ರತಿ ಸಲವೂ ಅವು ಎಲ್ಲವನ್ನೂ ಮೇದು ಮುಗಿಸಿ, ಕೊನೆಗೆ ತಾವೂ ಉಪವಾಸ ಸಾಯುತ್ತಿದ್ದವು.

ಹೆಂಡತಿ ಶಾಂತಾ ಇಲ್ಲಿಯ ಹೈಸ್ಕೂಲಿನಲ್ಲಿ ಟೀಚರು. ಮದುವೆಯಾದಾಗಿನಿಂದ ಅವಳು ಇಲ್ಲಿ, ನಾನು ಕರಾವಳಿಯ ಕಚೇರಿಯಲ್ಲಿ. ಈ ಸಮುದ್ರ ಸರಿಹೋಗುವವರೆಗೆ ಮಾತ್ರ ಮನೆಯಿಂದ ಕೆಲಸ ಮಾಡಬಹುದೆಂದು ಸಾಹೇಬರು ಒಪ್ಪಿದ್ದರು. ಅದು ಬದುಕಿತೋ, ನಾನು ಗಂಟುಮೂಟೆ ಕಟ್ಟಬೇಕು.

ಒಂದು ಮಧ್ಯಾಹ್ನ ಮತ್ತೆ ಎಲ್ಲ ಸತ್ತು, ತಲೆಯ ಮೇಲೆ ಕೈ ಹೊತ್ತು ಮೆಟ್ಟಿಲ ಮೇಲೆ ಕೂತಿದ್ದೆ. ಕೆಳಗೆ ವೀಳ್ಯದೆಲೆ ಜೋಡಿಸುತ್ತಿದ್ದ ಮನೆ ಮಾಲಕರು ಖಾತೂನ್ ಚಾಚಿ, “ಯಾಕ್ರಿ ಸರ, ಏನಾತು?” ಎಂದರು.

“ಎಲ್ಲಾ ಸತ್ತುವ್ರಿ ಚಾಚಿ. ಸಮುದ್ರದಾಗ ಒಂದ ಜೀವಾನೂ ಉಳೀಲಿಲ್ಲ.”

ಸ್ವಲ್ಪ ಹೊತ್ತಿಗೆ ಚಾಚಿ ಮುಚ್ಚಿದ ತಾಟು ಹಿಡಿದು ಮೇಲೆ ಬಂದರು. ರೊಟ್ಟಿ, ಬದನೆಕಾಯಿ ಪಲ್ಯ.

“ಕಂಪ್ಯೂಟರ್ದಾಗಿನವು ಅಂತ ನನಗೂ ಗೊತ್ತೈತ್ರಿ. ಆದ್ರ ಸಾವಾದ ಮನ್ಯಾಗ ಒಲಿ ಹಚ್ಚಬಾರ್ದು. ಉಣ್ರಿ.”

ಸೂತಕದವನಂತೆ ತಲೆ ತಗ್ಗಿಸಿ ಉಂಡೆ. ಪಲ್ಯ ಚೆನ್ನಾಗಿತ್ತು. ಆಮೇಲೆ ಸಮುದ್ರ ಸತ್ತಾಗಲೆಲ್ಲ ಕೆಳಗಿನಿಂದ ತಾಟು ಬರುವುದು ರೂಢಿಯಾಯಿತು. ಹುಳುಗಳು ಹಸಿದು ಸಾಯುತ್ತಿದ್ದರೆ ಅವನ್ನು ಸೃಷ್ಟಿಸಿದವನಿಗೆ ಹೊಟ್ಟೆ ಮುಂದೆ ಬಂತು.

ಮೊನ್ನೆ ರವಿವಾರ ಹಸಿವೆಯನ್ನು ಇನ್ನಷ್ಟು ತಗ್ಗಿಸಿ ನೋಡಿದೆ. ಸಸ್ಯಗಳು ಉಳಿದವು, ಹುಳುಗಳೂ ಉಳಿದವು. ಲೆಕ್ಕದಲ್ಲಿ ವರ್ಷಗಳು ದಾಟಿದರೂ ಸಮುದ್ರ ಹಸಿರಾಗಿಯೇ ಇತ್ತು. ಕುಣಿಯುತ್ತಾ ಕೆಳಗಿಳಿದು ಹೇಳಿದೆ. ಚಾಚಿ ಸಂತೋಷದಿಂದ ಎರಡೂ ಕೈ ಎತ್ತಿದರು. ಆಮೇಲೆ ನಿಧಾನಕ್ಕೆ, “ಹಂಗಾರ ನೀವು ಹೊಂಟ್ರಿ?” ಎಂದರು.

ಮೇಲೆ ಬಂದು ಕೂತೆ. ದಿನವೂ “ಲಗೂ ಮುಗಸ್ರಿ” ಎಂದು ಬೆನ್ನು ಹತ್ತುತ್ತಿದ್ದ ಶಾಂತಾ, ನನ್ನ ಕುರ್ಚಿಯ ಹಿಂದೆ ನಿಂತು ಆ ಹಸಿರನ್ನೇ ನೋಡಿದಳು.

“ಸಾಹೇಬ್ರಿಗೆ ಇವತ್ತ ತಿಳಸ್ತೀರೇನು?”

“ತಿಳಸಬೇಕಲ್ಲ.”

“ಇನ್ನೊಮ್ಮೆ ನೋಡ್ರಿ. ಅವಸರದಾಗ ತಪ್ಪ ಆಗ್ತಾವ.” ಅವಳ ಕೈ ನನ್ನ ಕುರ್ಚಿಯ ಬೆನ್ನನ್ನು ಬಿಡಲಿಲ್ಲ. ಅವಳನ್ನು ಬಿಟ್ಟು ಹೋಗಲು ನನಗೂ ಮನಸ್ಸಿರಲಿಲ್ಲ.

ಫಲಿತಾಂಶದ ಮೇಲೆ ಮಮಕಾರ ಇರಬಾರದೆಂದು ಕಚೇರಿಯ ಹೊಸಬರಿಗೆಲ್ಲ ಪಾಠ ಹೇಳಿದವನು ನಾನು. ಸಾಹೇಬರಿಗೆ ಬರೆದೆ: ಸಮುದ್ರ ಬದುಕಿದೆ, ಆದರೆ ಪೂರ್ತಿ ನಂಬುವಂತಿಲ್ಲ, ಮೊದಲಿನಿಂದ ಮತ್ತೊಮ್ಮೆ ನಡೆಸಿ ನೋಡುತ್ತೇನೆ.

ಸಂಜೆ ಕೆಳಗಿನಿಂದ ತಾಟು ಬಂತು.

“ಇವತ್ತ ಯಾರೂ ಸತ್ತಿಲ್ರಿ ಚಾಚಿ.”

“ಇದ್ದವ್ರೂ ಉಣ್ಣಬೇಕಲ್ರಿ.”

ಹಸಿವೆ ತಗ್ಗಿಸಬೇಕಾದ ಹುಳು ಇನ್ನೂ ಒಂದು ಉಳಿದಿದೆ ಎಂದು ನನಗೆ ಗೊತ್ತು. ಅದು ಆಗ ಹೆಂಡತಿಯ ಪಕ್ಕ ಕೂತು ಇನ್ನೊಂದು ರೊಟ್ಟಿಗೆ ಕೈ ಹಾಕುತ್ತಿತ್ತು.