ಜರೀಗಿಡಕ್ಕೆ ಕಟ್ಟಿದ ಬೇವಿನ ಸೊಪ್ಪು

ಹೂವೂ ಬಿಡದ, ಕಾಯೂ ಕಟ್ಟದ ಗಿಡವನ್ನು ಬೆಳೆಸಿ ಮಾರುತ್ತೇನೆಂದು ಹೊರಟವನಿಗೆ ಇಂಥವು ದಿನಕ್ಕೊಂದು ಎದುರಾಗುತ್ತಲೇ ಇರುತ್ತವೆ. ಮಹಾರಾಜರ ಕಾಲದಲ್ಲಿ ನಾನು ಮಧುಗಿರಿ ಬೆಟ್ಟದ ಬುಡದಲ್ಲಿ, ಬಂಡೆಯ ನೆರಳಿಗೆ ತಡಿಕೆ ಕಟ್ಟಿ, ಬರೀ ಜರೀಗಿಡಗಳ, ಅಂದರೆ ಫರ್ನ್‌ಗಳ, ತೋಟ ಮಾಡಿದ್ದೆ. ಬೆಂಗಳೂರಿನ ಪುಷ್ಪಪ್ರದರ್ಶನಕ್ಕೆ ಗಿಡ ಒದಗಿಸುವವರೆಲ್ಲ, "ಬಂಡೆ ಊರಿನಲ್ಲಿ ಜರೀಗಿಡವೇ" ಎಂದು ನಗುತ್ತಿದ್ದರು. ಅವರ ಕಣ್ಣೆದುರಿಗೇ ಮೊದಲ ಬಹುಮಾನ ಹೊಡೆಯಬೇಕು ಎಂಬುದೊಂದೇ ನನ್ನ ಹಟ. ನನ್ನ ಗಿಡಗಳ ಮೇಲೆ ನನಗೆ ಅಷ್ಟು ಜಂಬವಿತ್ತು. ಈಗಲೂ ಇದೆ.

ಸಾರಿಗಾಗದ ಸೊಪ್ಪು

ಎತ್ತು ಕೊಳ್ಳಲು ಬಂದಿದ್ದ ಹುಲಿಕುಂಟೆಯ ರೈತನೊಬ್ಬ ತೋಟ ನೋಡಲು ನಿಂತ.

"ಇದು ಹೂ ಬುಡೋದು ಯಾವಾಗ?"

"ಬಿಡೋದಿಲ್ಲ."

"ಕಾಯಿ?"

"ಅದೂ ಇಲ್ಲ."

"ಸಾರಿಗಾದ್ರೂ ಆಯ್ತದಾ?"

"ಇಲ್ಲಪ್ಪ, ನೋಡೋಕೆ ಅಷ್ಟೇ."

ಅವನು ನನ್ನನ್ನೊಮ್ಮೆ, ಅಂಗಳದಲ್ಲಿ ಆಡುತ್ತಿದ್ದ ನನ್ನ ಮಕ್ಕಳನ್ನೊಮ್ಮೆ ನೋಡಿ ಹೊರಟುಹೋದ. ಮುಂದಿನ ಸಂತೆಯ ದಿನ ಅರ್ಧ ಮೂಟೆ ಹುರುಳಿ ತಂದು ನನ್ನ ಹೆಂಡತಿಯ ಮುಂದೆ ಇಳಿಸಿ, "ಯಜಮಾನ್ರಿಗೆ ಹೇಳ್ಬೇಡಿ ಕಣಮ್ಮ. ಅವರು ಹೆಂಗಾದ್ರೂ ಇರ್ಲಿ, ಮಕ್ಳು ಉಪಾಸ ಇರಬಾರ್ದು" ಎಂದನಂತೆ.

ಗಿಡಕ್ಕೆ ಅಮ್ಮ

ಪಾವಗಡದ ತೆಲುಗು ಮಾತಿನ ವರ್ತಕರೊಬ್ಬರು ಜಗುಲಿಯ ಮೇಲಿಡಲು ಒಂದು ಕುಂಡ ಒಯ್ದಿದ್ದರು. ತಿಂಗಳೊಳಗೆ ಅದನ್ನು ಬೇವಿನ ಸೊಪ್ಪಿನಲ್ಲಿ ಸುತ್ತಿ ವಾಪಸು ತಂದರು.

"ಏಮಯ್ಯಾ, ನೀನು ಕೊಟ್ಟ ಗಿಡಕ್ಕೆ ಅಮ್ಮ ಆಗೈತೆ. ಇಂಟ್ಲೋ ಸಣ್ಣ ಮಕ್ಕಳವ್ರೆ, ಇಟ್ಕೊಳ್ಳೋದು ಹೆಂಗೆ?"

ಎಲೆ ಮಗುಚಿ ತೋರಿಸಿದರು. ಅಡಿಯಲ್ಲಿ ಸಾಲುಸಾಲಾಗಿ ಕಂದು ಚುಕ್ಕೆ. ಅದು ಸಿಡುಬಲ್ಲ, ಈ ಗಿಡಕ್ಕೆ ಬೀಜದ ಬದಲು ಬರುವ ಪುಡಿ, ಗಿಡ ಸೊಂಪಾಗಿದೆ ಅನ್ನುವುದಕ್ಕೆ ಅದೇ ಗುರುತು ಎಂದು ಬಿಡಿಸಿ ಹೇಳಿದೆ. ವರ್ತಕರು ದೊಡ್ಡದೊಂದು ಉಸಿರು ಬಿಟ್ಟು ಕೇಳಿದರು, "ಅಂಗಾದ್ರೆ ಅಮ್ಮನಿಗೋಸ್ಕರ ನಿಲ್ಸಿದ್ದ ಒಗ್ಗರಣೆ ಮನೇಲಿ ಇವತ್ತಿಂದ ಹಾಕಬೋದಾ?"

ಗೊಬ್ಬರ ಇಳಿಸುತ್ತಿದ್ದ ನಮ್ಮ ಗಾಡಿಯವನು ಇದನ್ನೆಲ್ಲ ಕೇಳಿಸಿಕೊಂಡ. ನನ್ನ ಮಾತನ್ನು ಮಾತ್ರ ನಂಬಲಿಲ್ಲ.

ಬಾಣಂತಿಗಿಂತ ಹೆಚ್ಚು

ಆ ವರ್ಷ ಪ್ರದರ್ಶನಕ್ಕೆ ಹೊರಟೆವು. ರೈಲಿನ ಹೊಗೆ ತಾಗಬಾರದೆಂದು ಬೆಂಗಳೂರಿನವರೆಗೂ ಗಾಡಿಯೇ. ಮೇಲೆ ಒದ್ದೆ ಗೋಣಿ ಹೊದಿಸಿ, ಬಾವಿ ಕಂಡಲ್ಲೆಲ್ಲ ನಿಲ್ಲಿಸಿ ನೀರು ಚಿಮುಕಿಸುತ್ತಿದ್ದೆ. ಕೊರಟಗೆರೆಯ ಹತ್ತಿರ ಒಬ್ಬ ಮುದುಕಿ, ಒಳಗೆ ಯಾರೋ ಜ್ವರದವರಿದ್ದಾರೆಂದು ಮರುಗಿ ಮಜ್ಜಿಗೆ ತಂದಳು. ಗೋಣಿ ಎತ್ತಿ ನೋಡಿದವಳೇ, "ಸೊಪ್ಪಿಗೆ ಇಷ್ಟು ಉಪಚಾರವಾ? ನನ್ನ ಸೊಸೆ ಬಾಣಂತಿ, ಅವಳು ಇದನ್ನ ನೋಡೋದ್ರೊಳಗೆ ಗಾಡಿ ಹೊಡ್ಕೊಂಡು ಹೋಗ್ರಪ್ಪ" ಎಂದಳು.

ಮೊದಲ ಬಹುಮಾನ

ಪ್ರದರ್ಶನದ ಕೊನೆಯ ದಿನ ಯಾರ ಗಿಡಗಳು ಹೊಸದರಂತೆ ಉಳಿದಿರುತ್ತವೆಯೋ ಅವರಿಗೆ ಬಹುಮಾನ. ಮೊದಲ ದಿನ ಬೆಳಿಗ್ಗೆ ಸ್ನಾನ ಮುಗಿಸಿ ಬಂದು ನೋಡುತ್ತೇನೆ, ನಮ್ಮ ಅಷ್ಟೂ ಕುಂಡಗಳಿಗೆ ಬೇವಿನ ಸೊಪ್ಪು ಕಟ್ಟಿ, ಅರಿಶಿನ ಕುಂಕುಮ ಹಚ್ಚಿಬಿಟ್ಟಿದ್ದಾನೆ ಗಾಡಿಯವನು. ನನಗೆ ಅಳುವೇ ಬಂತು. ಕಿತ್ತೊಗೆಯಲು ಹೋದೆ.

"ತೆಗೀಬೇಡಿ ಬುದ್ಧಿ. ಎಲೆ ತುಂಬ ಎದ್ದವಳೆ. ಅಮ್ಮ ಮುನಿಸ್ಕೊಂತಾಳೆ."

ಅಷ್ಟರಲ್ಲಿ ಜನ ಒಳಗೆ ಬಂದರು. ಜರೀಗಿಡ ಕಂಡರೆ ಯಾರ ಕೈಯೂ ಸುಮ್ಮನಿರುವುದಿಲ್ಲ. ಪಕ್ಕದ ನರ್ಸರಿಯವರ ಎಲೆಗಳನ್ನು ಸವರಿದರು, ಚಿವುಟಿದರು, ಒಂದೆರಡನ್ನು ಮುಡಿದುಕೊಂಡರು. ನಮ್ಮ ಕುಂಡಗಳ ಮುಂದೆ ಮಾತ್ರ ತಾಯಂದಿರು ಮಕ್ಕಳನ್ನು ಹಿಂದಕ್ಕೆಳೆದುಕೊಂಡು, ದೂರದಿಂದಲೇ ಕೈ ಮುಗಿದು ಮುಂದೆ ಹೋದರು. ಸೊಪ್ಪು ಕೀಳಲು ಚಾಚಿದ್ದ ಕೈಯನ್ನು ನಾನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡೆ.

ಕೊನೆಯ ದಿನ ನಮ್ಮದೊಂದರಲ್ಲೇ ಒಂದು ಎಲೆಯೂ ಮುರಿದಿರಲಿಲ್ಲ. ತೀರ್ಪು ಕೊಡುವ ಇಂಗ್ಲಿಷ್ ದೊರೆ ಬೇವಿನ ಸೊಪ್ಪು ತೋರಿಸಿ, ಇದೇನೆಂದು ಕೇಳಿದ. ಎದೆ ಸೆಟೆಸಿ, "ನಮ್ಮ ಮಧುಗಿರಿ ಕಡೆಯ ಪದ್ಧತಿ" ಎಂದೆ. ಮೊದಲ ಬಹುಮಾನ ನಮಗೇ ಬಂತು. ಅಂದಿನಷ್ಟು ಹೆಮ್ಮೆ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಮರುವರ್ಷ ಹೋದಾಗ ನಮ್ಮನ್ನು ನೋಡಿ ನಕ್ಕಿದ್ದ ಅಷ್ಟೂ ನರ್ಸರಿಯವರ ಕುಂಡಗಳಿಗೂ ಬೇವಿನ ಸೊಪ್ಪು ಕಟ್ಟಿತ್ತು. ನಾನು ಬೀಗುತ್ತ ನಿಂತಿದ್ದೆ. ಗಾಡಿಯವನು ಮಾತ್ರ ನನ್ನ ತೋಳು ಹಿಡಿದೆಳೆದು, "ಬುದ್ಧಿ, ಬೆಂಗಳೂರಿಗೆಲ್ಲ ಅಂಟ್ಕೊಂಡ್ಬುಟ್ಟೈತೆ. ನಡೀರಿ, ಊರಿಗೆ ಹೋಗಾನ" ಎಂದ.