ಸೂರ್ಯನನ್ನು ತಡೆದ ಸ್ಕೂಟರು

ಇಪ್ಪತ್ತೆರಡು ವರ್ಷ ಭೂಗೋಳ ಪಾಠ ಮಾಡಿದವನಿಗೆ ಒಂದು ಸೂರ್ಯಾಸ್ತ ಯಾವ ಮಹಾ ಲೆಕ್ಕ ಎಂದು ಅವತ್ತು ಬೆಳಿಗ್ಗೆ ಎದೆಯುಬ್ಬಿಸಿ ಹೇಳಿದ್ದೆ.

"ಹೋದ ವರ್ಷವೂ ಹೀಗೇ ಅಂದಿದ್ರಿ," ಎಂದಳು ಹೆಂಡತಿ. "ಹುಟ್ಟಿದ ದಿನಕ್ಕೆ ನನಗೆ ಬಟ್ಟೆ ಬೇಡ, ಒಡವೆ ಬೇಡ. ತಾರಸಿ ಮೇಲೆ ಇಬ್ಬರೂ ಕೂತು ಸೂರ್ಯ ಮುಳುಗೋದು ನೋಡ್ಬೇಕು. ಸರಿಯಾಗಿ ಆರಕ್ಕೆ ಮುಳುಗುತ್ತೆ. ಈ ಸಲವೂ ತಪ್ಪಿಸಿದ್ರೆ ಇನ್ಯಾವತ್ತೂ ಕರೆಯಲ್ಲ."

ಕೊನೆಯ ಮಾತನ್ನು ಅವಳು ನಗದೆ ಹೇಳಿದಳು. ಅದೇ ನನ್ನನ್ನು ಹೆದರಿಸಿದ್ದು.

ಐದಕ್ಕೇ ಹೊರಡುತ್ತಿದ್ದೆ. ಆದರೆ ಸ್ಟಾಫ್ ರೂಮಿನಲ್ಲಿ ಗಣಿತದ ಮೇಷ್ಟ್ರು, "ತಡ ಆಗಲ್ವಾ ಸಾರ್?" ಎಂದುಬಿಟ್ಟರು. ಭೂಗೋಳದವನನ್ನು ಹಾಗೆಲ್ಲ ಕೆಣಕಬಾರದು.

"ನಮ್ಮನೆ ಇರೋದು ಪಶ್ಚಿಮಕ್ಕೆ. ಆ ಕಡೆಗೆ ಜೋರಾಗಿ ಹೋದಷ್ಟೂ ಸೂರ್ಯ ಮುಳುಗೋದು ತಡ ಆಗುತ್ತೆ ಸಾರ್. ನನಗೆ ಅವಸರವೇ ಇಲ್ಲ," ಎಂದೆ. ಗ್ಲೋಬು ತಿರುಗಿಸಿ, ಟಾರ್ಚನ್ನು ಸೂರ್ಯ ಮಾಡಿ, ಡಸ್ಟರನ್ನು ಸ್ಕೂಟರು ಮಾಡಿ ಇದನ್ನು ಸಾಬೀತುಪಡಿಸುವಷ್ಟರಲ್ಲಿ ಐದೂ ಐವತ್ತಾಗಿತ್ತು.

ಎದ್ದೆನೋ ಬಿದ್ದೆನೋ ಎಂದು ಹೊರಟೆ. ಆರು ಹೊಡೆಯಿತು. ಸೂರ್ಯ ಎದುರಿಗೇ ಇದ್ದ! ಆರೂ ಐದು. ಅಲ್ಲೇ ಇದ್ದ! ನನ್ನ ಸ್ಕೂಟರಿನ ವೇಗ ಕಂಡು ನನಗೇ ಮೈ ಜುಮ್ಮೆಂದಿತು. ನಿಂತರೆ ಕೆಟ್ಟೆ, ಆತ ಇಳಿದೇಬಿಡುತ್ತಾನೆ ಎಂದು ಕೆಂಪು ದೀಪದಲ್ಲೂ ನುಗ್ಗಿದೆ. ಟ್ರಾಫಿಕ್ ಪೊಲೀಸು ಹಿಡಿದು ನಿಲ್ಲಿಸಿದ.

"ಏನ್ರೀ ಅಷ್ಟೊಂದು ಅರ್ಜೆಂಟು?"

"ಸೂರ್ಯನನ್ನ ತಡೀತಾ ಇದ್ದೀನಿ."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಜೇಬಿನಿಂದ ಯಂತ್ರ ತೆಗೆದು, "ಸ್ವಲ್ಪ ಇದರಲ್ಲಿ ಊದಿ," ಎಂದ. ಊದಿದೆ. ದಂಡವನ್ನೂ ಕಟ್ಟಿದೆ.

ತಾರಸಿ ಹತ್ತಿದಾಗ ಆರೂ ಇಪ್ಪತ್ತು. ಎರಡು ಕುರ್ಚಿ, ಎರಡು ಲೋಟ, ಒಬ್ಬಳು ಹೆಂಡತಿ. ಎದುರು ಮನೆಯ ನೀರಿನ ಟ್ಯಾಂಕಿನ ಮೇಲೆ ಗುಂಡಗೆ ಸೂರ್ಯ.

"ನೋಡಿದ್ಯಾ? ಇಪ್ಪತ್ತು ನಿಮಿಷ ತಡೆದು ನಿಲ್ಲಿಸಿದ್ದೀನಿ, ನಿನಗೋಸ್ಕರ!"

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮಾತೇ ಹೊರಡದಷ್ಟು ಮೆಚ್ಚಿಕೊಂಡಿದ್ದಾಳೆ ಎಂದುಕೊಂಡು, ಗಣಿತದ ಮೇಷ್ಟ್ರಿಗೆ ಫೋನು ಹಚ್ಚಿ, ಅವಳಿಗೂ ಕೇಳಲೆಂದು ಸ್ಪೀಕರ್ ಹಾಕಿ ನನ್ನ ಸಾಧನೆ ಸಾರಿದೆ. ಅವರು ಅಲ್ಲೇ ಲೆಕ್ಕ ಹಾಕಿಬಿಟ್ಟರು.

"ಹದಿನಾಲ್ಕು ಕಿಲೋಮೀಟರಿಗೆ ಸಿಗೋದು ಹೆಚ್ಚೆಂದರೆ ಅರ್ಧ ನಿಮಿಷ ಸಾರ್. ಮಿಕ್ಕ ಹತ್ತೊಂಬತ್ತೂವರೆ ನಿಮಿಷ ಎಲ್ಲಿಂದ ಬಂತು?"

"ಅದು ನಾನು ಕೊಟ್ಟಿದ್ದು," ಎಂದಳು ಹೆಂಡತಿ, ಫೋನಿನ ಕಡೆ ಬಾಗಿ. "ಇವತ್ತು ಸೂರ್ಯ ಮುಳುಗೋದು ಆರೂ ಇಪ್ಪತ್ತಾರಕ್ಕೆ. ಪೇಪರ್‌ನಲ್ಲೇ ಇದೆ. ಇವರಿಗೆ ಆರು ಅಂತ ಹೇಳಿದ್ದೆ."

ಮೇಷ್ಟ್ರು ನಕ್ಕ ನಗು ಇಡೀ ತಾರಸಿಗೆ ಕೇಳಿಸಿತು. ಫೋನು ಇಟ್ಟು, ತೆಪ್ಪಗೆ ಕುರ್ಚಿಯಲ್ಲಿ ಕೂತೆ. ಅವಳು ಲೋಟ ನನ್ನ ಕೈಗಿಟ್ಟಳು. ಭೂಮಿಯ ಓರೆ, ಋತುಮಾನ, ಸೂರ್ಯಾಸ್ತದ ವೇಳೆ ದಿನದಿನಕ್ಕೂ ಬದಲಾಗುವ ಬಗೆ ಎಲ್ಲವೂ ನಾಲಿಗೆಯ ತುದಿಗೆ ಬಂದಿದ್ದವು.

"ರೀ," ಎಂದಳು ಅವಳು, "ಇನ್ನು ಮೂರು ನಿಮಿಷ ಇದೆ. ವಿವರಿಸಬೇಡಿ, ನೋಡಿ."