ಸನ್ಮಾನದ ದಿನ ಕ್ಯಾಮೆರಾ ಪರೀಕ್ಷೆ

ಕ್ಯಾಮೆರಾದ ವಿಷಯದಲ್ಲಿ ನನ್ನನ್ನು ಮೀರಿಸುವವರು ಭಾಂಡುಪ್‌ನಲ್ಲಿ ಯಾರೂ ಇಲ್ಲ. ಮುಲುಂಡ್‌ನಲ್ಲಿ ಒಬ್ಬರಿದ್ದಾರೆ ಎಂದು ಕೇಳಿದ್ದೇನೆ, ನಂಬಿಲ್ಲ. ಹೀಗಿರುವಾಗ ನಮ್ಮ ಹವ್ಯಾಸಿ ಛಾಯಾಗ್ರಾಹಕರ ಬಳಗದವರು ಮಧ್ಯಮ ದರ್ಜೆಯ ಡಿಎಸ್ಎಲ್ಆರ್ ಕ್ಯಾಮೆರಾ ಒಂದನ್ನು ವಾರದ ಮಟ್ಟಿಗೆ ಅಂಗಡಿಯಿಂದ ತಂದು, "ಕೊಳ್ಳಬಹುದೋ ಬಾರದೋ, ಪರೀಕ್ಷಿಸಿ ವರದಿ ಕೊಡಿ" ಎಂದು ನನ್ನ ಕೈಗಿಟ್ಟಾಗ, ನಾನು ಬೇಡ ಎನ್ನುವ ಶಾಸ್ತ್ರವನ್ನೂ ಮಾಡಲಿಲ್ಲ.

ಅದೇ ಭಾನುವಾರ ಸಾಂತಾಕ್ರೂಜ್‌ನಲ್ಲಿ ನನ್ನ ಹೆಂಡತಿ ಸುಮತಿಗೆ ಕನ್ನಡ ಸಂಘದವರ ಸನ್ಮಾನವಿತ್ತು. ಇಪ್ಪತ್ತೆರಡು ವರ್ಷ ದಿನಾ ಸಂಜೆ ನಮ್ಮ ಬಿಲ್ಡಿಂಗಿನ ಮಕ್ಕಳಿಗೆ ಪುಕ್ಕಟೆ ಕನ್ನಡ ಕಲಿಸಿದವಳು. ಆ ಮಕ್ಕಳು "ಟೀಚರ್, ಮೈ ನಾಳೆ ಬರ್ತಾ ಹೂಂ" ಎನ್ನುವ ಮಟ್ಟಕ್ಕಾದರೂ ಬಂದಿದ್ದರೆ ಅದು ಅವಳ ಪುಣ್ಯ. ಅವಳನ್ನು ಯಾರಾದರೂ ವೇದಿಕೆಗೆ ಕರೆದದ್ದು ಇದೇ ಮೊದಲು.

"ಈ ಸಲ ಕ್ಯಾಮೆರಾ ಬೇರೆಯವರ ಕೈಗೆ ಕೊಡಿ" ಎಂದಳು ಸುಮತಿ. "ಗಂಡ ಹೆಂಡ್ತಿ ಇಬ್ಬರನ್ನೂ ಕೂರಿಸಿ ಶಾಲು ಹೊದಿಸುದಂತೆ. ಮದುವೆ ಆದ ಮೇಲೆ ನಾವಿಬ್ರು ಒಟ್ಟಿಗಿರುವ ಒಂದು ಫೋಟೋ ಇಲ್ಲ ಈ ಮನೆಯಲ್ಲಿ."

"ಆಯ್ತು ಮಾರಾಯ್ತಿ" ಎಂದೆ. ಎಂದದ್ದು ನಿಜ. ಆದರೆ ಆಗ ನಾನು ಕೈಪಿಡಿಯ ಎಂಬತ್ತೆರಡನೇ ಪುಟದಲ್ಲಿದ್ದೆ!

ಸಭಾಂಗಣದಲ್ಲಿ ಬೆಳಕು ಮಂದ. ಮಂದ ಬೆಳಕಿನ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿ ಸಿಗಬೇಕು? ಲೆನ್ಸನ್ನು ಪೂರ್ತಿ ತೆರೆದೆ, ಫೋಕಸ್ ಬಿಂದುವನ್ನು ನಟ್ಟನಡುವೆ ನಿಲ್ಲಿಸಿದೆ. ಅಧ್ಯಕ್ಷರ ಭಾಷಣ ಶುರುವಾದಾಗ ಸತತ ಕ್ಲಿಕ್ಕಿನ ವೇಗವನ್ನು ಅಳೆದೆ. ಟಕಟಕಟಕಟಕ! ಅಧ್ಯಕ್ಷರು ಮಾತು ಮರೆತರು. ಮುಂದಿನ ಸಾಲಿನ ಹಿರಿಯರೊಬ್ಬರು ತಿರುಗಿ, "ಆ ಮಿಷನ್ ಬಂದ್ ಮಾಡಿ ಮಾರಾಯ್ರೆ" ಎಂದರು. ಶಟರಿನ ಸದ್ದು ತುಸು ಹೆಚ್ಚು ಎಂದು ಗುರುತು ಹಾಕಿಕೊಂಡೆ.

"ಸುಮತಿ ಟೀಚರ್ ಹಾಗೂ ಅವರ ಪತಿದೇವರು ವೇದಿಕೆಗೆ ಬರಬೇಕು!"

ಸುಮತಿ ಹೋಗಿ ಕೂತಳು. ಪಕ್ಕದಲ್ಲಿ ನನ್ನ ಕುರ್ಚಿ. ಪತಿದೇವರು ನಡುದಾರಿಯಲ್ಲಿ ಒಂದು ಮಂಡಿಯೂರಿ ಕೂತಿದ್ದರು. ಸಂಘದ ಕಾರ್ಯದರ್ಶಿ ಓಡಿ ಬಂದರು.

"ಸರ್, ಚಲಿಯೇ, ಮೇಲೆ ಬನ್ನಿ! ಕ್ಯಾಮೆರಾ ನಂಗೆ ಕೊಡಿ."

"ಇದು ನಿಮಗೆ ತಿಳಿಯುದಿಲ್ಲ. ಎರಡೇ ನಿಮಿಷ!"

ಸುಮತಿ ವೇದಿಕೆಯಿಂದ ನನ್ನನ್ನೇ ನೋಡಿದಳು. ಕಣ್ಣಿನ ಭಾವ ಎಷ್ಟು ಚೆನ್ನಾಗಿ ಬರುತ್ತಿದೆ ಎಂದು ನಾನು ಸಂತೋಷಪಟ್ಟೆ. ಥೂ ನನ್ನ ಜನ್ಮಕ್ಕೆ!

ಸಂಘದವರು ಎಷ್ಟೆಂದು ಕಾಯುತ್ತಾರೆ? ಮುಂದೆ ನೃತ್ಯ ಕಾರ್ಯಕ್ರಮವಿತ್ತು. ಸುಮತಿಯನ್ನು ಎಬ್ಬಿಸಿ ಒಂದು ಹೆಜ್ಜೆ ಮುಂದೆ ನಿಲ್ಲಿಸಿ ಶಾಲು ಹೊದಿಸಿ, ಹಾರ ಹಾಕಿದರು. ಗಂಡನ ಪಾಲಿನ ಶಾಲು, ಹಾರ ಉಳಿದವು. ತಂದದ್ದನ್ನು ವಾಪಸು ಒಯ್ಯುವುದು ಹೇಗೆ? ಕಾರ್ಯದರ್ಶಿ ಅವನ್ನು ಗೌರವಪೂರ್ವಕವಾಗಿ ನನ್ನ ಖಾಲಿ ಕುರ್ಚಿಗೆ ಹಾಕಿದರು. ಅದನ್ನೂ ಕ್ಲಿಕ್ಕಿಸಿದೆ.

ಮನೆಗೆ ಬಂದು ಚಿತ್ರಗಳನ್ನು ಹಿಗ್ಗಿಸಿ ನೋಡಿದೆ. ಮುಂದೆ ನಿಂತ ಸುಮತಿ ಎಲ್ಲದರಲ್ಲೂ ಮಸುಕು. ಫೋಕಸ್ ಬಿದ್ದದ್ದು ಹಿಂದಿನ ಕುರ್ಚಿಗೆ, ಅದು ಮಾತ್ರ ಅದ್ಭುತ! ಹಾರದ ಒಂದೊಂದು ಎಸಳನ್ನೂ ಎಣಿಸಬಹುದಿತ್ತು. "ಒಂದು ಫೋಟೋ ನನಗೆ ಕಳಿಸಿ" ಎಂದಳು. ಅತ್ಯಂತ ಸ್ಪಷ್ಟವಾದದ್ದನ್ನೇ ಕಳಿಸಿದೆ. ಅವಳು ಒಂದಕ್ಷರ ಬರೆಯದೆ ಅದನ್ನು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದಳು.

ಬೆಳಗ್ಗೆ ಎದ್ದಾಗ ನಾನು ತೀರಿಕೊಂಡಿದ್ದೆ.

ಸುಮತಿಯ ಹಿಂದೆ ಹಾರ ಹಾಕಿದ ಖಾಲಿ ಕುರ್ಚಿ ಕಂಡು ಮೂವತ್ತಾರು ಜನ "ಓಂ ಶಾಂತಿ" ಎಂದಿದ್ದರು. ಬಾಂದ್ರಾದಲ್ಲಿ ಹೋಟೆಲ್ ಇಟ್ಟಿರುವ ಭಾವ, "ಒಳ್ಳೆ ಮನುಷ್ಯ, ಫೋಟೋ ಚೆನ್ನಾಗಿ ತೆಗೀತಿದ್ದ" ಎಂದು ಬರೆದಿದ್ದ. ಉಡುಪಿಯ ಚಿಕ್ಕಮ್ಮ ಧ್ವನಿ ಸಂದೇಶದಲ್ಲಿ ಅಳುತ್ತಿದ್ದರು: "ಅಯ್ಯೋ ಸುಮತೀ, ಮೋಹನ ಹೋದ ವಿಷಯ ನಮ್ಗೊಂದು ಮಾತು ತಿಳಿಸ್ಲಿಲ್ಲ ಅಲ್ವಾ ಮಗಾ!"

"ಅಲ್ಲ ಮಾರಾಯ್ತಿ, ಗಂಡ ಇದ್ದಾನೆ ಅಂತ ನೀನಾದರೂ ಹೇಳಬಾರದಿತ್ತಾ?" ಎಂದು ಕೂಗಾಡಿದೆ.

ಸುಮತಿ ಚಪಾತಿ ಲಟ್ಟಿಸುವುದನ್ನು ನಿಲ್ಲಿಸಲಿಲ್ಲ. "ಏನಂತ ಹೇಳುದು? ಇದ್ರು, ಎದುರಿಗೇ ಇದ್ರು, ಕರೆದ್ರೂ ಬರ್ಲಿಲ್ಲ ಅಂತ ಹೇಳುದಾ? ಅದಕ್ಕಿಂತ ಹೀಗಿದ್ರೇ ನನಗೆ ಮರ್ಯಾದೆ ಅಲ್ವಾ?"

ಗುಂಪಿನಲ್ಲಿ "ನಾನು ಬದುಕಿದ್ದೇನೆ" ಎಂದು ಖುದ್ದಾಗಿ ಪ್ರಕಟಣೆ ಹೊರಡಿಸಿದೆ. ಯಾರೂ ನಂಬಲಿಲ್ಲ. ಸುಮತಿಯ ತಲೆ ಕೆಟ್ಟು ಗಂಡನ ಫೋನಿನಿಂದ ಏನೇನೋ ಬರೆಯುತ್ತಿದ್ದಾಳೆ ಎಂದುಕೊಂಡರು! ಸಂಜೆ ಚಿಕ್ಕಮ್ಮ ಅಪ್ಪಣೆ ಮಾಡಿದರು: "ಹಾಗಾದ್ರೆ ಇಬ್ರೂ ಒಟ್ಟಿಗೆ ನಿಂತು ಈಗಲೇ ಒಂದು ಫೋಟೋ ಹಾಕಿ."

ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಏರಿಸಿ, ಟೈಮರ್ ಇಟ್ಟು, "ಸುಮತಿ, ಬಾ, ನನ್ನ ಪಕ್ಕ ನಿಲ್ಲು" ಎಂದು ಕರೆದೆ. ಜೀವಮಾನದಲ್ಲಿ ಮೊದಲ ಸಲ ಕರೆದದ್ದು.

ಅವಳು ಪುಸ್ತಕಗಳ ಚೀಲ ಹೆಗಲಿಗೆ ಹಾಕಿದಳು. "ಕ್ಲಾಸ್ ಉಂಟು ನನಗೆ. ಮಕ್ಕಳು ಕೆಳಗೆ ಕಾಯ್ತಾ ಇದ್ದಾರೆ." ಬಾಗಿಲು ಎಳೆದುಕೊಂಡು ಹೋದಳು. ಅಷ್ಟರಲ್ಲಿ ಟೈಮರ್ ಮುಗಿದು ಕ್ಲಿಕ್ ಆಯಿತು.

ಬೇರೆ ದಾರಿ ಕಾಣದೆ, ಹಲ್ಲು ಕಿರಿದು ಒಬ್ಬನೇ ನಿಂತ ಆ ಚಿತ್ರವನ್ನೇ ಗುಂಪಿಗೆ ಹಾಕಿದೆ. ಬಾಂದ್ರಾದ ಭಾವ ತಕ್ಷಣ ಕೇಳಿದ: "ಸುಮತಿ ಎಲ್ಲಿ?"

ಸತ್ತವನಾಗಿಯೇ ಉಳಿದಿದ್ದರೆ ಈ ಪ್ರಶ್ನೆಗೆ ಉತ್ತರ ಹುಡುಕುವ ಕಷ್ಟವಾದರೂ ತಪ್ಪುತ್ತಿತ್ತು!